ಒಂದು ವಿಸಿಲ್

ಅಳಿಯನ ಗೆಳೆಯನ ಟೆಂಪೊ. ಒಳಗೆ ಮಂಚ, ಗ್ಯಾಸಿನ ಒಲೆ,
ಬೋಗುಣಿಯಷ್ಟು ಸಿಂಕು.
ಮಟ್ಟುವಿನ ಗಾಳಿಮರದ ಕೆಳಗೆ ನಿಲ್ಲಿಸಿದ್ದೇವೆ,
ಬೆನ್ನಿಗೆ ಹೊಳೆ, ಎದುರಿಗೆ ಕಡಲು.

ಇಪ್ಪತ್ತೆಂಟು ವರ್ಷ ಇವರು
ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ಸಿನ ಡ್ರೈವರು.
ಕಡಲು ಹೋಗುವಾಗ ಬಲಕ್ಕೆ, ಬರುವಾಗ ಎಡಕ್ಕೆ,
ಮನೆಗಳ ಸಂದಿಯಲ್ಲಿ ಎಲ್ಲೋ.
ನೋಡಿದಿರಾ ಅಂದರೆ, "ಟೈಮಿಂಗ್ ಇತ್ತು ಮಾರಾಯ್ತಿ."

ನಿನ್ನೆ ನಾಲ್ಕೂವರೆಗೇ ಎದ್ದು
ಕತ್ತಲಲ್ಲಿ ಟಯರು ತಟ್ಟಿ ನೋಡುತ್ತಿದ್ದರು.
ಚಾ ಕೊಟ್ಟೆ. ಕುಡಿದದ್ದು ನಿಂತೇ.

ವಾಕಿಂಗ್ ಅಂದರೆ ಇವರಿಗೆ
ಪಡುಕೆರೆಯ ತನಕ ಯಾರನ್ನೋ ಓವರ್‌ಟೇಕ್ ಮಾಡುವುದು.
ನಾನೋ, ಏಡಿಮರಿಗಳು ಉಂಡೆ ಕಟ್ಟಿ ಇಟ್ಟ
ಮರಳಿನ ರಂಗೋಲಿ ತುಳಿಯಲಾಗದೆ
ಸುತ್ತು ಹಾಕಿ ಬರುವವಳು.
ಬಲೆಯ ಹರಿದದ್ದು ಹೊಲಿಯುತ್ತಿದ್ದ ದೂಮಣ್ಣ ಕೇಳಿದ,
"ನಿಮ್ಮವರು ಯಾರ ಹಿಂದೆ ಓಡುವುದಕ್ಕಾ?"

ಇವತ್ತು ಸಂಜೆ, ಸೂರ್ಯ ಇನ್ನೂ ಒಂದು ಮಾರು ಮೇಲಿರುವಾಗ
ಇವರು ದೂರದಲ್ಲಿ ಬರೀ ಒಂದು ಅಂಗಿ.
ಎರಡು ಬೆರಳು ಬಾಯಿಗಿಟ್ಟೆ
(ಶಾಲೆಯಲ್ಲಿ ಪೆಟ್ಟು ತಿಂದು ಬಿಟ್ಟ ವಿದ್ಯೆ),
ಹೊಡೆದೆ ಒಂದು ವಿಸಿಲ್.

ಬಲಗಾಲು ಮರಳನ್ನು ಗಟ್ಟಿ ಒತ್ತಿತು.
ನಿಂತರು. ತಿರುಗಿ ನೋಡಲಿಲ್ಲ.
ಹತ್ತುವವರು ಹತ್ತಲಿ ಎಂದು ಕಾಯುವ ಬೆನ್ನು.
ತೆರೆಯೊಂದು ಬಂದು ಪಾದಕ್ಕೆ ಹತ್ತಿತು, ಇಳಿಯಿತು,
ಮತ್ತೆ ಹತ್ತಿತು.

ರೈಟ್ ಅನ್ನಲು ವಿಸಿಲ್ ಎರಡು ಬೇಕು.
ನಾನು ಚಪ್ಪಲಿ ಕೈಯಲ್ಲಿ ಹಿಡಿದು
ನಿಧಾನ ಬರುತ್ತಿದ್ದೇನೆ.