ಎರಡೂವರೆ ಅಡಿ

ತನಾಸಿ ತಾತ ಕೊನೆಯ ದಿನ ಕೋಟಿನೊಳಗೆ ಬಚ್ಚಿಟ್ಟು ತಂದದ್ದು
ಒಂದೇ ಒಂದು ಕಬ್ಬಿಣದ ಸರಳು.
ಹಳಿಗೂ ಹಳಿಗೂ ನಡುವೆ ಇಟ್ಟು ನೋಡುವ ಅಳತೆಗೋಲು:
ಎರಡೂವರೆ ಅಡಿ, ಕೂದಲೆಳೆ ಕಮ್ಮಿ.
ಹನ್ನೊಂದು ವಾರದ ಕೂಲಿ ಬಾಕಿ ಇತ್ತು.

ಇಂಜಿನಿಯರ್ ಹವೆಲ್ಕಾ ಅವತ್ತು ಬೆಳಿಗ್ಗೆ
ನಕ್ಷೆ ಮಡಿಚಿ ಕಂಕುಳಲ್ಲಿಟ್ಟು
ಹೇಸರಗತ್ತೆ ಏರಿ ಚೆರೆಮೋಶ್ ನದಿಯಗುಂಟ ಇಳಿದು ಹೋಗಿದ್ದ.
ಗಡಿ ಸರಿದಿದೆಯಂತೆ, ಅಂದರು.
ಎಲ್ಲಿಗೆ?
ನಮ್ಮ ಮನೆ ಇದ್ದಲ್ಲೇ ಇತ್ತು,
ನಾಣ್ಯದ ಮೇಲಿನ ತಲೆ ಬದಲಾಗಿತ್ತು.

ಸುರಂಗವನ್ನು ಎರಡೂ ಕಡೆಯಿಂದ ಕೊರೆದಿದ್ದರು,
ಇತ್ತಣಿಂದ ನಮ್ಮವರು, ಅತ್ತಣಿಂದ ರೊಮೇನಿಯಾದವರು.
ಕೊನೆಕೊನೆಗೆ ಬಂಡೆಗೆ ಕಿವಿ ಹಚ್ಚಿದರೆ
ಆಚೆಯ ಉಳಿಪೆಟ್ಟು ಕೇಳುತ್ತಿತ್ತಂತೆ,
ಬಸುರಿಯ ಹೊಟ್ಟೆಗೆ ಕಿವಿಯಿಟ್ಟ ಹಾಗೆ, ಅನ್ನುತ್ತಿದ್ದ ತಾತ.
ಅಜ್ಜಿ ಪಲಾಹ್ನಾ ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದಳು.
ಲೆಕ್ಕದ ಪ್ರಕಾರ ಹದಿನಾಲ್ಕು ಗಜ ಉಳಿದಿತ್ತು.
ಈಗಲೂ ಉಳಿದಿದೆ.

ಆ ಸರಳಿನಿಂದಲೇ ತಾತ ಆಲೂಗಡ್ಡೆಯ ಸಾಲು ಹಾಕಿದ,
ಕೊಟ್ಟಿಗೆಗೆ ಬಾಗಿಲು ಕೂಡಿಸಿದ,
ಮೂರು ಮಕ್ಕಳಿಗೆ ಒಂದೇ ಮಂಚ ಹೊಂದಿಸಿದ.
ಅಕ್ಕಪಕ್ಕದವರು ಎರವಲು ಒಯ್ದರು.
ಈಗ ನಮ್ಮೂರಲ್ಲಿ ಬೇಲಿಯ ಗೂಟದಿಂದ ಗೂಟಕ್ಕೆ,
ಜೇನುಪೆಟ್ಟಿಗೆಯಿಂದ ಪೆಟ್ಟಿಗೆಗೆ
ಎರಡೂವರೆ ಅಡಿ, ಕೂದಲೆಳೆ ಕಮ್ಮಿ.
ಚರ್ಚಿನ ಪಕ್ಕದ ಬಾಗಿಲಲ್ಲಿ
ಹೊಸ ಪಾದ್ರಿ ಅಡ್ಡಡ್ಡ ನಡೆದು ಒಳಗೆ ಬರುತ್ತಾನೆ.
ಊರಿಗೆ ರೈಲು ಬರಲಿಲ್ಲ,
ಅದರ ಅಗಲ ಬಂತು.

ತಾತನ ಪೆಟ್ಟಿಗೆಯನ್ನೂ ಅದರಲ್ಲೇ ಅಳೆದೆವು.
ಭುಜ ಕೊಂಚ ಒತ್ತಿತು, ಅವನೇನೂ ದೂರಲಿಲ್ಲ.
ಬೆಟ್ಟದ ನೆತ್ತಿಯಲ್ಲಿ ತ್ರೆಂಬೀಟಾ ಕಹಳೆ ಊದಿದರು;
ಅದೊಂದು ಮಾತ್ರ
ಸರಳಿಗಿಂತ ನಾಲ್ಕು ಪಟ್ಟು ಉದ್ದ.

ಹಳಿಗಳನ್ನು ಯಾವುದೋ ಸೈನ್ಯ ಕಿತ್ತೊಯ್ದಿತು.
ಯಾವ ಸೈನ್ಯ ಎಂಬುದರ ಮೇಲೆ
ಎರಡು ಮನೆಗಳ ನಡುವೆ ಇನ್ನೂ ಮಾತುಕತೆ ಇಲ್ಲ.
ಸ್ಲೀಪರುಗಳು ಒಲೆಗೆ ಹೋದವು, ಆ ಚಳಿಗಾಲವಿಡೀ
ಹಾಲಿಗೆ ಡಾಂಬರಿನ ವಾಸನೆ.
ಸುರಂಗದಲ್ಲಿ ಈಗ ಕುರಿಹಾಲಿನ ಚೀಸು,
ಯುಸ್ತಿನಾಳದ್ದು ಎಡಕ್ಕೆ, ನಮ್ಮದು ಬಲಕ್ಕೆ,
ನಡುವೆ ಓಡಾಡಲು ಬಿಟ್ಟ ದಾರಿ ಎಷ್ಟೆಂದು ಹೇಳಬೇಕಿಲ್ಲ.

ಮೊನ್ನೆ ಚೀಸಿಗೆ ಉಪ್ಪು ಸವರಲು ಹೋದವಳು
ಲಾಟೀನು ಹಿಡಿದು ತುದಿಯವರೆಗೂ ನಡೆದೆ.
ಬಂಡೆಗೆ ಸರಳಿನಿಂದ ಮೂರು ಸಲ ಬಡಿದೆ,
ಸುಮ್ಮನೆ, ಯಾರೂ ನೋಡುತ್ತಿರಲಿಲ್ಲ.
ತೊಟ್ಟಿಕ್ಕುವ ನೀರು ಒಂದು ಗಳಿಗೆ ನಿಂತಂತಾಯಿತು.
ಆಮೇಲೆ ಮತ್ತೆ ತೊಟ್ಟಿಕ್ಕಿತು.

ಆಚೆ ಬದಿಯಲ್ಲಿ
ಯಾರ ಚೀಸು ಇದೆಯೋ.