ಇಟ್ಟಿದ್ದಕ್ಕೇ

ಮಾಪ್ಸಾದ ಶೆಡ್ಡಿನಲ್ಲಿ ಕಾಯ್ತಾನ್ ಮೇಸ್ತ್ರಿ
ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗಿಟ್ಟು
ಹಿಡಿಕೆಗೆ ಕಿವಿ ಹಚ್ಚಿ
ಕಣ್ಣು ಮುಚ್ಚಿದ.

ಹನ್ನೆರಡು ಸಿಲಿಂಡರು.
ಸಾಹುಕಾರನ ಮಗ ಕೇಳಿದ:
'ವರ್ಷಕ್ಕೆ ನಾಲ್ಕು ಸಲ ತೆಗೆದರೆ ಹೆಚ್ಚು.
ಹೊಸದರ ಹಾಗೇ ಇಟ್ಟಿದ್ದೇವೆ.
ಕೆಟ್ಟಿದ್ದು ಹೇಗೆ?'

'ಇಟ್ಟಿದ್ದಕ್ಕೇ.'

ಆಯಿಲ್ ಕಡ್ಡಿ ಎಳೆದು, ಬೆರಳಿಗೆ ತಿಕ್ಕಿ ಮೂಸಿದ:
ಪೆಟ್ರೋಲು ಬೆರೆತು ತೆಳ್ಳಗಾಗಿದೆ.
ಉಪ್ಪುಗಾಳಿಗೆ ವೈರಿನ ತಾಮ್ರ ಹಸಿರು.
ಕವರಿನಡಿ ಇಲಿಯ ಸಂಸಾರ,
ಮರಿಗಳೂ ಇವೆ.

ನನಗೆ ಹಿಡಿಕೆ ಕೊಟ್ಟ: ಕೇಳು.
ಹನ್ನೊಂದು ಒಂದೇ ಸಮ.
ಒಂದು ಮಾತ್ರ
ಪಂಕ್ತಿಗೆ ತಡವಾಗಿ ಬಂದವನಂತೆ
ಬಾಗಿಲು ತಟ್ಟುತ್ತಿತ್ತು, ನಾಚಿಕೊಂಡು.

ಹೊರಗೆ ಮೇಸ್ತ್ರಿಯ ಹಳೇ ಸ್ಕೂಟರು,
ಹ್ಯಾಂಡಲಿಗೆ ಬಂಗುಡೆಯ ಚೀಲ.
ದಿನಾ ಓಡುತ್ತದೆ.
ದಿನಾ ಏಳೆಂಟು ಒದೆ ತಿಂದ ಮೇಲೆ.
ಅದನ್ನು ಬಿಚ್ಚಿ ನೋಡಲು
ಆತನಿಗೆ ಪುರುಸೊತ್ತಿಲ್ಲ.