ಚಿಪ್ಪು

ಹೊಸ ಪೆಟ್ಟಿಗೆಗಳು ಬಂದ ದಿನ ಹಂಸವೇಣಿ ಹೇಳಿದಳು:
ಇದರೊಳಗೆ ಚಿಪ್ ಇದೆ, ಅಕ್ಕ.
ನನಗೆ ಕೇಳಿಸಿದ್ದು ಚಿಪ್ಪು.
ಮೀನಿನ ಜೊತೆ ಚಿಪ್ಪು ಬಂದರೆ ಹೊಸತೇನು,
ಮರುವಾಯಿಯ ಕಾಲಕ್ಕೆ ಮೂಟೆಗಟ್ಟಲೆ ಮಾರಿದವಳು ನಾನು.

ಉಗುರಿನಷ್ಟಿದೆ. ಮುಚ್ಚಳದ ಅಡಿ ಅಂಟಿಕೊಂಡು
ಹತ್ತು ನಿಮಿಷಕ್ಕೊಮ್ಮೆ ತಂಪನ್ನು ಮುಟ್ಟಿ ನೋಡಿ
ಬರೆದಿಟ್ಟುಕೊಳ್ಳುತ್ತದೆ.
ಪೆಟ್ಟಿಗೆಯ ಗೋಡೆಯೊಳಗೆ ಥರ್ಮಾಕೋಲು ಹೋಗಿ
ನಮ್ಮದೇ ಗಿರಣಿಯ ಭತ್ತದ ಹೊಟ್ಟು ಬಂದಿದೆ.
ಯಾವ ದೋಣಿ, ಎಷ್ಟು ಗಂಟೆಗೆ ದಕ್ಕೆ, ಬಲೆಯ ಕಣ್ಣು ಎಷ್ಟಗಲ,
ಎಲ್ಲ ಸ್ಟಿಕ್ಕರಿನ ಕಪ್ಪು ಚುಕ್ಕಿಗಳಲ್ಲಿ.
ಬೆರಳುದ್ದವೂ ಇಲ್ಲದ ಬಂಗುಡೆ ಮರಿ ತುಂಬಿದರೆ
ಆ ಪೆಟ್ಟಿಗೆ ಮಲ್ಪೆಯಲ್ಲೇ ಉಳಿಯುತ್ತದೆ.

ಮೊದಲೆಲ್ಲ ಹತ್ತು ಪೆಟ್ಟಿಗೆಗೆ ಎರಡು
ತುಂಗೆಯ ದಂಡೆಯ ಹದ್ದುಗಳ ಪಾಲು.
ಘಾಟಿ ಹತ್ತುವಷ್ಟರಲ್ಲಿ ಮೀನಿನ ಕಣ್ಣು ಹಾಲಾಗಿರುತ್ತಿತ್ತು.
ಸುರಿಯುತ್ತಿದ್ದೆವು. ನಷ್ಟ ಅನ್ನುತ್ತಿರಲಿಲ್ಲ,
ರೂಢಿ ಅನ್ನುತ್ತಿದ್ದೆವು.
ಈಗ ಹದ್ದುಗಳು ಮಾರುಕಟ್ಟೆಯ ತಗಡಿನ ಮೇಲೆ ಕೂತು
ನನ್ನನ್ನೇ ದುರುಗುಟ್ಟುತ್ತವೆ,
ಸಾಲ ಕೊಟ್ಟವರ ಹಾಗೆ.

ಉಮ್ಮನಿಗೆ ಇದ್ಯಾವುದೂ ಬೇಕಿರಲಿಲ್ಲ.
ಕಿವಿರು ಎತ್ತಿ, ಬೆನ್ನು ಒತ್ತಿ,
ನಿನ್ನೆ ಅಸರಿನ ಹೊತ್ತಿಗೆ ನೀರು ಬಿಟ್ಟದ್ದು ಅನ್ನುವಳು.
ತಪ್ಪಿದ್ದು ನಾ ಕಂಡಿಲ್ಲ.
ಆದರೆ ಅವಳು ಹೇಳುವಾಗ
ಮೀನು ಆಗಲೇ ತೀರ್ಥಹಳ್ಳಿಯಲ್ಲಿರುತ್ತಿತ್ತು.

ಆಗಸ್ಟಿನ ಒಂದು ಬುಧವಾರ ರಾತ್ರಿ
ಆಗುಂಬೆಯ ಏಳನೇ ತಿರುವಿನಲ್ಲಿ ಗುಡ್ಡ ಜರಿಯಿತು.
ನನ್ನ ಫೋನಿಗೆ ಕೂಡಲೇ ಸುದ್ದಿ:
ದಾರಿ ಇಲ್ಲ, ಸೋಮೇಶ್ವರಕ್ಕೆ ಇಳಿ,
ಸಿದ್ದಾಪುರದ ಮೇಲೆ ಬಾಳೆಬರೆ ಘಾಟಿ ಹತ್ತು.
ಒಳ್ಳೆಯ ಮಾತೇ.
ದಯಣ್ಣನ ಪಿಕಪ್ಪಿನ ಹಿಂದೆ ಮಾತ್ರ ಇಪ್ಪತ್ತು ಗಾಡಿ,
ತಿರುಗಿಸಲು ಮೊಳ ಜಾಗವಿಲ್ಲ, ಅವನ ಫೋನಿಗೆ ಸಿಗ್ನಲ್ಲೂ ಇಲ್ಲ.
ಪರದೆಯ ಮೇಲೆ ಅವನೊಂದು ನೀಲಿ ಚುಕ್ಕಿ,
ಹತ್ತೂ ಇಪ್ಪತ್ತಕ್ಕೆ ಬೂದಿಯಾಯಿತು.
ಆ ಬೂದಿಯನ್ನು ನೋಡುತ್ತ ಕೂತೆ.

ಜೆಸಿಬಿ ಬಂದು ಒಂದು ಬದಿ ಬಿಡಿಸಿದ ಮೇಲೆ
ಬೆಳಗಿನ ಜಾವ, ಗುಡ್ಡೇಕೇರಿ ದಾಟುತ್ತಲೇ
ಚಿಪ್ಪು ಬಾಯಿ ಬಿಟ್ಟಿತು.
ರಾತ್ರಿಯಿಡೀ ನುಂಗಿಕೊಂಡಿದ್ದ ಅಂಕಿಗಳನ್ನು ಒಟ್ಟಿಗೇ ಕಾರಿತು.
ಎರಡು. ಎರಡೂವರೆ. ನಾಲ್ಕು. ಐದೂವರೆ. ಏಳು.
ಗೆರೆಯೊಂದು ಘಾಟಿ ಹತ್ತುವ ಹಾಗೆ ಹತ್ತಿ ಹತ್ತಿ
ಎರಡೂ ನಲವತ್ತಕ್ಕೆ ತುದಿ ಮುಟ್ಟಿ
ತಟ್ಟನೆ ಇಳಿದಿತ್ತು. ಒಂದಕ್ಕೆ.

ತಾನಾಗಿ ಇಳಿದ ಇಳಿಜಾರಲ್ಲ ಇದು,
ಯಾರದೋ ಕೈ ಇದೆ ಅಂದೆ.
ದಯಣ್ಣ ನಕ್ಕ.

ಹಿಂದಿನ ಟೆಂಪೋದಲ್ಲಿ ಹೆಬ್ರಿಯ ಮದುವೆ ಮುಗಿಸಿ ಬರುತ್ತಿದ್ದ
ಅಡುಗೆಯ ನರಹರಿ ಭಟ್ಟರು.
ನೀಲಿ ಡ್ರಮ್ಮಿನ ತುಂಬ ಐಸು, ಐಸಿನ ನಡುವೆ
ಮೊಮ್ಮಕ್ಕಳಿಗೆಂದು ಉಳಿಸಿಕೊಂಡ ಐಸ್‌ಕ್ರೀಮು.
ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಲಿಲ್ಲ, ಮೂಗು ಹೇಳಿತ್ತು.
ಮುಖ ಆ ಕಡೆ ತಿರುಗಿಸಿಕೊಂಡೇ
ಸೌಟಿನಿಂದ ತೋಡಿ ತೋಡಿ ಸುರಿದರಂತೆ,
"ಹಾಳಾಗೋದು ಅಂದ್ರೆ ಅನ್ನವಾದರೇನು, ಅದಾದರೇನು" ಅಂತ.
ಐಸ್‌ಕ್ರೀಮು ಹಾಲಾಯಿತು.
ಅದನ್ನೂ ಲೋಟಕ್ಕೆ ಬಗ್ಗಿಸಿ
ದಾರಿ ಕಾಯುವವರಿಗೆಲ್ಲ ಕೊಟ್ಟರಂತೆ.

ಚಿಪ್ಪು ಬರೆದದ್ದು ಇಷ್ಟೇ: ಏಳು, ಆಮೇಲೆ ಒಂದು.
ಹಂಸವೇಣಿಗೆ ಫೋನು ಮಾಡಿ ಹೇಳಿದೆ.
ಸ್ವಲ್ಪ ಹೊತ್ತು ಸುಮ್ಮನಿದ್ದಳು.
ಟಿಪ್ಪಣಿ ಅಂತ ಒಂದು ಕಾಲಂ ಸೇರಿಸ್ತೀನಿ ಅಕ್ಕ, ಅಂದಳು,
ಗುಡ್ಡಕ್ಕೂ ಒಂದು ಚಿಪ್ಪು ನೆಡಬೇಕು,
ಜಾರುವ ಮೊದಲೇ ಹೇಳುವ ಹಾಗೆ.

ಪೆಟ್ಟಿಗೆ ತೆರೆದೆ. ಮೊದಲ ಗಿರಾಕಿ ಪ್ರಫುಲ್ಲ ಟೀಚರು.
ಚುಕ್ಕಿಗಳ ಮೇಲೆ ಫೋನು ಹಿಡಿದು ಓದಿದರು
ದೋಣಿ, ದಕ್ಕೆ, ಗಂಟೆ, ಘಾಟಿಯಂಥ ಆ ಗೆರೆ.
ಎಲ್ಲ ಸರಿ ಇದೆಯೆಂದು ತಲೆಯಾಡಿಸಿ
ಫೋನನ್ನು ಚೀಲಕ್ಕೆ ಹಾಕಿ
ತೋರುಬೆರಳಿನಿಂದ ಕಿವಿರು ಎತ್ತಿ ನೋಡಿದರು.

ಕೆಂಪಗಿತ್ತು.